ಮುಚ್ಚಿದ ಗಣಿಯ ನಾಟಕ ಕಟ್ಟಿದ ಬಗೆ

ಫ್ಯಾಕ್ಟರಿ ಮುಚ್ಚಿದ ಊರಿಗೆ ಹೋಗಿ "ನಿಮ್ಮ ಕಷ್ಟ ಹೇಳಿ" ಅಂದರೆ ಜನ ಹೇಳುತ್ತಾರೆ. ಚೆನ್ನಾಗಿಯೇ ಹೇಳುತ್ತಾರೆ. ಪೇಪರಿನವರಿಗೆ, ಟಿವಿಯವರಿಗೆ, ಓಟು ಕೇಳಲು ಬಂದವರಿಗೆ, ಪಿಎಚ್.ಡಿ. ಮಾಡುವ ಹುಡುಗರಿಗೆ ಎಷ್ಟೋ ಸಲ ಹೇಳಿ ಹೇಳಿ ಆ ಮಾತೆಲ್ಲ ಬಾಯಿಪಾಠವಾಗಿರುತ್ತದೆ. ಅದನ್ನಿಟ್ಟುಕೊಂಡು ವರದಿ ಬರೆಯಬಹುದು, ನಾಟಕ ಆಗುವುದಿಲ್ಲ. "ನೀವು ಮಾಡ್ತಿದ್ದ ಕೆಲಸ ಯಾವುದು, ಅದನ್ನ ಹೇಗೆ ಮಾಡ್ತಿದ್ರಿ, ಸ್ವಲ್ಪ ತೋರಿಸ್ತೀರಾ" ಅಂತ ಕೇಳಿ ನೋಡಿ. ಎದುರಿಗೆ ಕೂತವರು ನೆಟ್ಟಗಾಗುತ್ತಾರೆ, ಕೈ ಮೇಲೇಳುತ್ತದೆ, "ಹಾಗಲ್ಲ, ಹೀಗೆ" ಅನ್ನುತ್ತಾರೆ, ಒಳಗಿದ್ದ ಹೆಂಡತಿಯೂ ಬಾಗಿಲಿಗೆ ಬಂದು ನಿಂತು ಕೇಳುತ್ತಾರೆ, ಯಾಕಂದ್ರೆ ಇಷ್ಟು ವರ್ಷ ಸಂಸಾರ ಮಾಡಿದ್ದರೂ ಗಂಡ ಕೆಲಸದ ಜಾಗದಲ್ಲಿ ಏನು ಮಾಡುತ್ತಿದ್ದ ಅಂತ ಅವರೂ ನೋಡಿರುವುದಿಲ್ಲ. ನಾಟಕ ಶುರುವಾಗುವುದು ಅಲ್ಲಿಂದ. ಕಾರ್ಮಿಕರ ಬದುಕಿನ ಮೇಲೆ ನಾಟಕ ಬರೆಯುತ್ತಾ ಬಂದ ನನಗೆ ಗಟ್ಟಿಯಾಗಿ ಗೊತ್ತಿರುವ ವಿಷಯ ಇದೊಂದು. ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಮೇಲಿನ ನಾಟಕ ಹೇಗೆ ಆಯಿತು ಅಂತ ಹೇಳಿದರೆ ಇದು ಸರಿಯಾಗಿ ಅರ್ಥವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಹಿನ್ನೆಲೆ. ನಾನು ದಾವಣಗೆರೆಯವನು. ಒಂದು ಕಾಲಕ್ಕೆ ಆ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ ಕಾರ್ಮಿಕರ ಬೆಂಬಲದಿಂದ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಅವರು ಮತ್ತೆ ಮತ್ತೆ ಶಾಸಕರಾದ ಊರು ಅದು. ಈಗ ದಾವಣಗೆರೆ ಅಂದರೆ ಎಲ್ಲರಿಗೂ ಬೆಣ್ಣೆ ದೋಸೆ ನೆನಪಾಗುತ್ತದೆ, ಮಿಲ್ಲುಗಳ ನೆನಪು ಊರಿನ ಹಿರಿಯರಿಗೆ ಮಾತ್ರ. ಅಪ್ಪ ಮಿಲ್ಲಿನಲ್ಲಿ ನೇಯ್ಗೆಯ ಕಡೆ ಇದ್ದರು. ಮಗ್ಗಗಳ ಸದ್ದಿನಲ್ಲಿ ಅಷ್ಟು ವರ್ಷ ನಿಂತು ಅವರ ಕಿವಿ ಮಂದವಾಗಿತ್ತು, ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು, ಪಕ್ಕದ ಮನೆಯವರಿಗೆ ನಮ್ಮ ಮನೆಯಲ್ಲಿ ಯಾವಾಗಲೂ ಜಗಳ ಅನ್ನಿಸುತ್ತಿತ್ತು. ಅಮ್ಮನ ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಿದ್ದರು. ನನ್ನ ಮೊದಲ ನಾಟಕ ಅದೇ. ಮಿಲ್ ನಿಂತ ಮೇಲೂ ಕೂಗಿಯೇ ಮಾತಾಡುವ ಒಬ್ಬ ಮನುಷ್ಯ, ಸದ್ದೇ ಇಲ್ಲದ ಮನೆ. ಅಷ್ಟೇ.

ಬೆಂಗಳೂರಿಗೆ ಬಂದು ಇನ್ಶೂರೆನ್ಸ್ ಆಫೀಸಿನ ಕೆಲಸಕ್ಕೆ ಸೇರಿದ ಮೇಲೆ ಸಂಜೆ ಹೊತ್ತು ಒಂದು ಹವ್ಯಾಸಿ ತಂಡದ ಜೊತೆ ಸೇರಿಕೊಂಡೆ. ಈ ಊರಿನಲ್ಲಿ ಕಾರ್ಮಿಕರ ನಾಟಕಕ್ಕೆ ಒಳ್ಳೆಯ ಇತಿಹಾಸ ಇದೆ, ಜನ ಮರೆತಿದ್ದಾರೆ ಅಷ್ಟೇ. 1975ರಲ್ಲಿ ಶುರುವಾದ ಸಮುದಾಯ ತಂಡ ಬೀದಿಗಿಳಿದು ನಾಟಕ ಮಾಡಿತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಇಲ್ಲೆಲ್ಲ ಕನ್ನಡ ಸಂಘಗಳಿದ್ದವು, ಶಿಫ್ಟ್ ಮುಗಿಸಿ ಬಂದು ರಿಹರ್ಸಲ್ ಮಾಡುವ ಕಾರ್ಮಿಕರಿದ್ದರು. 1980ರ ಕೊನೆಯಲ್ಲಿ ಶುರುವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರವನ್ನು ಕಣ್ಣಾರೆ ಕಂಡ ಹಿರಿಯ ನಟರೊಬ್ಬರು ನಮ್ಮ ತಂಡದಲ್ಲೇ ಇದ್ದರು. ಅವರ ಒತ್ತಾಯಕ್ಕೆ ಎರಡನೇ ನಾಟಕ ಬರೆದೆ, ವಾಚ್ ಫ್ಯಾಕ್ಟರಿ ಮೇಲೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಎಚ್‌ಎಂಟಿ ಇಲ್ಲಿ ವಾಚ್ ಮಾಡಲು ಶುರು ಮಾಡಿತು, 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿ ಬಿಡಿಭಾಗ ಜೋಡಿಸುತ್ತಿದ್ದ ಹೆಂಗಸರ ಬೆರಳುಗಳ ಬಗ್ಗೆ ಬರೆದ ನಾಟಕ ಅದು. ಅದರ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಕೆಜಿಎಫ್ ವಿಷಯ ಬಂದಿದ್ದು ಆಫೀಸಿನ ಒಬ್ಬ ಸಹೋದ್ಯೋಗಿಯಿಂದ. ಅವರು ದಿನಾ ಕೆಜಿಎಫ್ ಕಡೆಯ ಮಾರಿಕುಪ್ಪಂ ರೈಲಿನಲ್ಲಿ ಬಂದು ಹೋಗುವವರು. ಬೆಂಗಳೂರಿಂದ ಹೆಚ್ಚುಕಮ್ಮಿ 100 ಕಿಲೋಮೀಟರ್ ದೂರ. "ನಮ್ಮೂರಿಗೆ ಬನ್ನಿ, ನಮ್ಮಪ್ಪನ ಜೊತೆ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಜಾಸ್ತಿ ದಿನ ಇರಲ್ಲ" ಅಂದರು. ಆ ಕೊನೆಯ ಮಾತು ಕೇಳಿದ ಮೇಲೆ ಮುಂದೂಡುವುದು ಸಾಧ್ಯವೇ ಇರಲಿಲ್ಲ.

ಹೋಗುವ ಮುಂಚೆ ಓದಿಕೊಂಡೆ. ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಬ್ರಿಟಿಷ್ ಕಂಪನಿ 1880ರಲ್ಲಿ ಗಣಿಗಾರಿಕೆ ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ನೇರ ಈ ಗಣಿಗೆ ಬಂತು, ಬೆಂಗಳೂರಿನ ಬೀದಿ ದೀಪಕ್ಕೆ ಬಂದಿದ್ದು ಅದಾದ ಮೇಲೆ 1905ರಲ್ಲಿ. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಅಂತ ಸರ್ಕಾರಿ ಕಂಪನಿಯಾಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಷ್ಟರಲ್ಲಿ 800 ಟನ್ನಿಗೂ ಜಾಸ್ತಿ ಚಿನ್ನ ಹೊರಗೆ ಬಂದಿತ್ತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಈ ಅಂಕಿಗಳೆಲ್ಲ ಬೇಕು. ಆದರೆ ನಾಟಕದಲ್ಲಿ ಪಾತ್ರ ಬಂದು ಇದನ್ನೆಲ್ಲ ಒಪ್ಪಿಸಿದರೆ ಸ್ಕೂಲಿನ ವಾರ್ಷಿಕೋತ್ಸವದ ಹಾಗಾಗುತ್ತದೆ. ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ, ಪಾತ್ರಗಳ ಬಾಯಿಗೆ ಒಂದನ್ನೂ ಹಾಕಲಿಲ್ಲ.

ಗಣಿ ಕಾರ್ಮಿಕರು ಇರುವುದು ಲೈನುಗಳಲ್ಲಿ. ಉದ್ದಕ್ಕೆ ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು. ಹಿಂದೆ ಬಿದಿರು ತಟ್ಟಿಯವು ಇದ್ದವಂತೆ. ತಮಿಳುನಾಡಿನ ಉತ್ತರ ಆರ್ಕಾಟ್, ಸೇಲಂ ಕಡೆಯಿಂದ, ಆಂಧ್ರದ ಚಿತ್ತೂರು ಕಡೆಯಿಂದ ತಲೆಮಾರುಗಳ ಹಿಂದೆ ಬಂದವರ ಮಕ್ಕಳು ಮೊಮ್ಮಕ್ಕಳು, ಹೆಚ್ಚಿನವರು ದಲಿತರು. ಊರಲ್ಲಿ ಜಮೀನ್ದಾರನ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ಇಲ್ಲಿ ಭೂಮಿಯೊಳಗೆ ಇಳಿಯುವುದೇ ಮೇಲು ಅಂತ ಬಂದವರು. ಅವರ ಮಾತಿನಲ್ಲಿ ಗಣಿಯ ಬಗ್ಗೆ ಸಿಟ್ಟೂ ಇದೆ, ಅಭಿಮಾನವೂ ಇದೆ, ಎರಡೂ ಒಟ್ಟಿಗೇ ಬರುತ್ತವೆ. 1930ರಲ್ಲೇ ಬೆರಳಚ್ಚು ಕೊಡುವುದಿಲ್ಲ ಅಂತ ಮುಷ್ಕರ ಮಾಡಿದ ಜನ ಇವರ ಹಿರಿಯರು. "ನಾವೇನು ಕಳ್ಳರಾ" ಅನ್ನುವ ಪ್ರಶ್ನೆ ಆಗಲೇ ಎದ್ದಿತ್ತು, ಈಗಲೂ ಮಾತಿಗೆ ಕೂತರೆ ಮೊದಲ ಹತ್ತು ನಿಮಿಷದಲ್ಲಿ ಅದು ಬಂದೇ ಬರುತ್ತದೆ.

ಸಹೋದ್ಯೋಗಿ ಕರೆದುಕೊಂಡು ಹೋಗಿದ್ದು ವೈಂಡಿಂಗ್ ಡ್ರೈವರ್ ಆಗಿದ್ದ ಒಬ್ಬ ಹಿರಿಯರ ಮನೆಗೆ. ಆಳುಗಳೂ ಕಲ್ಲೂ ಹೋಗಿಬರುವ ಕೇಜನ್ನು, ಅಂದರೆ ಪಂಜರವನ್ನು, ಶಾಫ್ಟ್ ಅನ್ನುವ ಗಣಿಯ ಬಾವಿಯಲ್ಲಿ ಇಳಿಸಿ ಹತ್ತಿಸುವವರು. "ಉಕ್ಕಾರು ತಂಬಿ" ಅಂತ ಕುರ್ಚಿ ಕೊಟ್ಟು ತಾವು ಮಂಚದ ಮೇಲೆ ಕೂತರು. ಮೊದಲು ಅವರೂ ಕಷ್ಟದ ಮಾತೇ ತೆಗೆದರು, ಬಾಕಿ ಹಣ, ಮನೆಯ ಹಕ್ಕುಪತ್ರ, ಕೋರ್ಟು. ನಾನು ಎಲ್ಲ ಕೇಳಿದೆ. ಆಮೇಲೆ "ಅಯ್ಯಾ, ಕೇಜ್ ಹೇಗೆ ಇಳಿಸ್ತಿದ್ರಿ" ಅಂದೆ.

ಅವರು ಎದ್ದು ನನ್ನನ್ನು ಕುರ್ಚಿಯಿಂದ ಏಳಿಸಿ ತಾವು ಕೂತರು. ಎರಡೂ ಕೈ ಮುಂದೆ ಚಾಚಿದರು, ಒಂದು ಕೈ ಬ್ರೇಕಿನ ಮೇಲೆ, ಇನ್ನೊಂದು ಲಿವರ್ ಮೇಲೆ. ಅಲ್ಲಿ ಏನೂ ಇರಲಿಲ್ಲ, ಆದರೆ ಬೆರಳು ಮಡಚಿದ್ದು ಸರಿಯಾಗಿ ಒಂದು ಕಬ್ಬಿಣದ ಹಿಡಿಯ ದಪ್ಪಕ್ಕೆ. ಎದುರಿಗೆ ಆಳ ತೋರಿಸುವ ದೊಡ್ಡ ಡಯಲ್, ಅದರ ಮುಳ್ಳು ನೋಡಿಕೊಂಡೇ ಕೇಜ್ ಎಲ್ಲಿದೆ ಅಂತ ತಿಳಿಯಬೇಕು. ಕೇಜ್ ಕಣ್ಣಿಗೆ ಕಾಣುವುದೇ ಇಲ್ಲ. ಕೆಳಗಿನವರು ಗಂಟೆ ಹೊಡೆಯುತ್ತಾರೆ. ನಿಲ್ಲಿಸು ಅನ್ನುವುದಕ್ಕೆ ಒಂದು ಲೆಕ್ಕ, ಇಳಿಸು ಅನ್ನುವುದಕ್ಕೆ ಇನ್ನೊಂದು, ಮೇಲೆ ಎತ್ತುವುದಕ್ಕೆ ಬೇರೆ, ಒಳಗೆ ಆಳುಗಳಿದ್ದಾರೆ ಅನ್ನುವುದಕ್ಕೇ ಬೇರೆ. ಕಲ್ಲು ತುಂಬಿದ್ದರೆ ಒಂದು ಥರ ಓಡಿಸುವುದು, ಮನುಷ್ಯರಿದ್ದರೆ ಇನ್ನೊಂದು ಥರ. ಹಗ್ಗ ಉಕ್ಕಿನದು, ಆದರೆ ಅಷ್ಟು ಉದ್ದಕ್ಕೆ ಬಿಟ್ಟಾಗ ಅದೂ ಹಿಗ್ಗುತ್ತದೆ. ತಳದಲ್ಲಿ ಜನ ಇಳಿದ ಕೂಡಲೇ ಭಾರ ಕಮ್ಮಿಯಾಗಿ ಕೇಜ್ ಮೇಲಕ್ಕೆ ಜಿಗಿಯುತ್ತದೆ, ಆಮೇಲೆ ಇಳಿಯುವವನ ಕಾಲು ಸಿಕ್ಕಿಕೊಳ್ಳಬಾರದು. "ಡಯಲ್ ಅದನ್ನ ತೋರಿಸಲ್ಲ ತಂಬಿ, ಕೈಯೇ ತಿಳ್ಕೋಬೇಕು" ಅಂದರು. ಹೇಳುವಾಗ ಅವರ ಎಡಗೈ ತೀರಾ ಸ್ವಲ್ಪ ಹಿಂದೆ ಬಂತು, ಒಂದು ಬೆರಳಿನಷ್ಟು. ಆ ಬೆರಳಿನಷ್ಟು ಎಳೆತದಲ್ಲಿ ಎರಡು ಸಾವಿರ ಮೀಟರ್ ಕೆಳಗೆ ಯಾರದೋ ಕಾಲು ಉಳಿಯುತ್ತಿತ್ತು.

ಇನ್ನೂ ಒಂದು ಮಾತು ಹೇಳಿದರು. ವಿಜ್ಞಾನಿಗಳನ್ನೂ ಇಳಿಸಿದ್ದಾರಂತೆ. ಅದು ನಿಜವೇ, ಮುಂಬೈನ ಟಾಟಾ ಇನ್‌ಸ್ಟಿಟ್ಯೂಟಿನವರು ಹೊರದೇಶದವರ ಜೊತೆ ಸೇರಿ ಅಲ್ಲಿ ಪ್ರಯೋಗ ಮಾಡುತ್ತಿದ್ದರು, ವಾತಾವರಣದಿಂದ ಬರುವ ನ್ಯೂಟ್ರಿನೋ ಕಣಗಳನ್ನು 1965ರಲ್ಲಿ ಅಲ್ಲಿ ಗುರುತಿಸಿದರು. ಪ್ರಯೋಗಗಳು ಆಮೇಲೂ ಬಹಳ ವರ್ಷ ನಡೆದವು. ಅವರು ಏನು ಹುಡುಕುತ್ತಿದ್ದರು ಅಂತ ಈ ಹಿರಿಯರು ಕೇಳಿರಲಿಲ್ಲ. "ಅವರ ಸಾಮಾನು ಗಾಜಿಂದು ಇರ್ತಿತ್ತು, ಅದಕ್ಕೆ ಇನ್ನೂ ನಿಧಾನ ಇಳಿಸ್ತಿದ್ದೆ, ಒಂದೂ ಒಡೀಲಿಲ್ಲ" ಅಂದರು. ಇಂಥ ಮಾತನ್ನು ಕಲ್ಪಿಸಿಕೊಂಡು ಬರೆಯಲು ನನ್ನಿಂದ ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ ಅಂತ ನನ್ನ ನಂಬಿಕೆ.

ಆವತ್ತೇ ನಾಟಕದ ಆಕಾರ ಸಿಕ್ಕಿತು. ರಂಗದ ನಡುವೆ ಒಂದು ಕುರ್ಚಿ, ಅದರಲ್ಲಿ ಡ್ರೈವರ್. ಅವನು ಕೆಲಸದಲ್ಲಿರುವಾಗ ಯಾರು ಕರೆದರೂ ತಿರುಗಿ ನೋಡುವುದಿಲ್ಲ. ಹೆಂಡತಿ, ಮಗಳು, ಯೂನಿಯನ್ನಿನವರು, ಸಾಲ ಕೊಟ್ಟವನು, ಎಲ್ಲರೂ ಅವನ ಬೆನ್ನಿಗೇ ಮಾತಾಡಬೇಕು. ಗಣಿ ಮುಚ್ಚಿದ ಮೇಲೆ ಅವನು ತಿರುಗಿ ಕೂರಬಹುದು, ಆದರೆ ಆಗ ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಬೆಳಗಿನ ರೈಲಿಗೆ ಹೋಗಿರುತ್ತಾರೆ.

ರೈಲು ಇಲ್ಲದೆ ಈ ನಾಟಕ ಇಲ್ಲ. ಗಣಿ ಮುಚ್ಚಿದ್ದನ್ನು ಮಾತ್ರ ಬರೆದರೆ ಕಥೆ 2001ಕ್ಕೇ ನಿಂತುಬಿಡುತ್ತದೆ. ಊರು ನಿಂತಿಲ್ಲವಲ್ಲ. ನಸುಕಿನಲ್ಲಿ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ನಿಂತು ನೋಡಿ, ಊರಿಗೂರೇ ಹೊರಟಿರುತ್ತದೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಒಂದೊಂದು ಸ್ಟೇಷನ್ನಿಗೂ ಜನ ತುಂಬುತ್ತಾ ಹೋಗಿ ಬಂಗಾರಪೇಟೆ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಈ ಕವಲು ಹಳಿ ಹಾಕಿದ್ದು ಗಣಿಗೋಸ್ಕರ, 1894ರಲ್ಲಿ. ಚಿನ್ನ ನಿಂತಿದೆ, ಈಗ ಆಳುಗಳು ಹೋಗುತ್ತಾರೆ. ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯುರಿಟಿ, ಅಂಗಡಿ, ಆಸ್ಪತ್ರೆ, ಓದಿದವರು ಐಟಿ ಕಂಪನಿ.

ನಾನು ಆ ರೈಲಿನಲ್ಲಿ ಓಡಾಡಿದೆ, ಹೆಚ್ಚಾಗಿ ಸಂಜೆಯದರಲ್ಲಿ, ಬೆಳಗ್ಗೆ ಎಲ್ಲರೂ ನಿದ್ದೆಯಲ್ಲಿರುತ್ತಾರೆ ಅಥವಾ ಸಿಟ್ಟಿನಲ್ಲಿರುತ್ತಾರೆ. ಹೆಂಗಸರ ಗುಂಪೊಂದು ಪರಿಚಯವಾಯಿತು. ವಾಪಸ್ ಬರುವಾಗ ಅವರು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ರಾತ್ರಿ ಅಡುಗೆಗೆ ಹುರುಳಿಕಾಯಿ ಮುರಿಯುತ್ತಾರೆ, ಬೆಳ್ಳುಳ್ಳಿ ಸುಲಿಯುತ್ತಾರೆ. ಮನೆ ಮುಟ್ಟಿದ ಕೂಡಲೇ ಒಲೆ ಹಚ್ಚಬೇಕಲ್ಲ. ಇವರಿಗೂ ಕೆಲಸದ ಪ್ರಶ್ನೆಯನ್ನೇ ಕೇಳಿದೆ. ಒಬ್ಬ ಅಕ್ಕ ಕಾಲರ್ ಕೂರಿಸುವುದನ್ನು ದುಪಟ್ಟಾದ ಅಂಚಿನಲ್ಲೇ ತೋರಿಸಿದರು. ಬಟ್ಟೆಯನ್ನು ಎಳೆಯಬಾರದು, ಅದಾಗಿಯೇ ಸೂಜಿಯ ಕೆಳಗೆ ಹೋಗಲು ಬಿಡಬೇಕು, ಎಳೆದರೆ ತೊಳೆದ ಮೇಲೆ ಸುಕ್ಕು ಬರುತ್ತದೆ. ಅವರ ತಂದೆ ಗಣಿಯಲ್ಲಿ ಡ್ರಿಲ್ಲರ್ ಆಗಿದ್ದವರು. "ಅಪ್ಪನೂ ಹಾಗೇ ಹೇಳ್ತಿದ್ರು, ಮಿಷನ್‌ಗೆ ಜೋರು ಮಾಡಬೇಡ, ಕಲ್ಲು ತಾನಾಗೇ ದಾರಿ ಕೊಡುತ್ತೆ ಅಂತ." ಗಣಿ ಮುಚ್ಚಿದ್ದರಿಂದ ಕೆಲಸದ ತಿಳಿವಳಿಕೆ ಸತ್ತುಹೋಗಲಿಲ್ಲ ಅನ್ನುವುದು ನನಗೆ ಕಂಡಿದ್ದು ಅಲ್ಲೇ. ನಾಟಕದ ಮಗಳ ಪಾತ್ರ ಅಲ್ಲಿಂದ ಬಂತು, ಒಬ್ಬರಿಂದ ಮಾತ್ರ ಅಲ್ಲ, ಆ ಬೋಗಿಯ ಎಷ್ಟೋ ಜನರಿಂದ.

ಅದು ನಾನು ಇಟ್ಟುಕೊಂಡಿದ್ದ ಒಂದು ಕಟ್ಟುನಿಟ್ಟು. ಒಬ್ಬರ ಬದುಕನ್ನು ಹಾಗೇ ಎತ್ತಿ ರಂಗಕ್ಕೆ ಇಡುವುದಿಲ್ಲ. ಕೈಯ ಕೆಲಸ, ಮಾತಿನ ಧಾಟಿ ತೆಗೆದುಕೊಳ್ಳುತ್ತೇನೆ, ಮನೆಯ ಗುಟ್ಟು ಮುಟ್ಟುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಕೇಳಿಯೇ ಮಾಡುತ್ತೇನೆ, ಬೇಡ ಅಂದರೆ ಪೆನ್ನು ಕೂಡ ತೆಗೆಯುವುದಿಲ್ಲ. ಸಿಲಿಕೋಸಿಸ್ ವಿಷಯದಲ್ಲಿ ಇದು ಬಹಳ ಮುಖ್ಯವಾಯಿತು. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಮನುಷ್ಯನನ್ನು ನಿಧಾನವಾಗಿ ಉಸಿರು ಕಟ್ಟಿಸಿ ಕೊಲ್ಲುವ ರೋಗ ಅದು. ಟಿಬಿ ಅಂತಲೇ ವರ್ಷಗಟ್ಟಲೆ ಮಾತ್ರೆ ತಿಂದವರ ಮನೆಗಳಿಗೆ ಹೋದೆ. ಅಲ್ಲಿ ಕೇಳಿದ್ದು ಯಾವುದನ್ನೂ ಮಾತಾಗಿ ನಾಟಕದಲ್ಲಿ ಬಳಸಲಿಲ್ಲ. ಒಂದು ಪಾತ್ರ ಒಂದೊಂದು ಸಾಲಿಗೂ ನಡುವೆ ನಿಲ್ಲುತ್ತದೆ, ಉಳಿದವರು ಅವನು ಮುಗಿಸುವ ತನಕ ಕಾಯುತ್ತಾರೆ, ಯಾರೂ ಅವನ ವಾಕ್ಯ ತಾವು ಮುಗಿಸುವುದಿಲ್ಲ. ಅಷ್ಟು ಸಾಕು ಅನ್ನಿಸಿತು. ಈಗಲೂ ಸಾಕು ಅನ್ನಿಸುತ್ತದೆ.

ಭಾಷೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಲೈನುಗಳಲ್ಲಿ ಮನೆಮಾತು ಹೆಚ್ಚಾಗಿ ತಮಿಳು, ಕೆಲವರದು ತೆಲುಗು, ಗಣಿಯ ಸಾಮಾನುಗಳಿಗೆಲ್ಲ ಇಂಗ್ಲಿಷ್ ಹೆಸರು, ಸರ್ಕಾರಿ ಕಚೇರಿಗೆ ಕನ್ನಡ. ನನ್ನ ತಂಡದಲ್ಲಿ ಎಲ್ಲರೂ ಕನ್ನಡದವರು, ನೋಡುವವರೂ ಕನ್ನಡದವರು. ಇಡೀ ನಾಟಕ ಶುದ್ಧ ಕನ್ನಡದಲ್ಲಿ ಇಟ್ಟರೆ ಅದು ಆ ಊರು ಅಲ್ಲ. ತಂಡದ ಒಬ್ಬರು "ತಮಿಳು ಸಾಲು ಜಾಸ್ತಿಯಾದರೆ ಗಲಾಟೆ ಆಗಬಹುದು" ಅಂತ ಹೆದರಿದರು. ನಾನು ಹಟ ಹಿಡಿದೆ. ಹೊರಗಿನವರ ಜೊತೆ ಪಾತ್ರಗಳು ಕನ್ನಡ ಮಾತಾಡುತ್ತವೆ, ಆ ಊರಿನವರು ನನ್ನ ಜೊತೆ ಮಾತಾಡಿದ ಕನ್ನಡ, ಅದರದೇ ಎಳೆತ, ಅದರದೇ ರಾಗ. ತಮ್ಮೊಳಗೆ ಮಾತಾಡುವಾಗ ಮೊದಲ ಎರಡು ಮೂರು ಸಾಲು ತಮಿಳು, ಆಮೇಲೆ ಬೆಳಕು ಬದಲಾಗಿ ಮಾತು ಕನ್ನಡಕ್ಕೆ ಸರಿಯುತ್ತದೆ, ನೋಡುವವರಿಗೆ ಇವರು ಈಗ ಮನೆಯೊಳಗಿದ್ದಾರೆ ಅಂತ ತಿಳಿಯುತ್ತದೆ. ಒಂದು ಪ್ರದರ್ಶನದಲ್ಲೂ ಗಲಾಟೆ ಆಗಲಿಲ್ಲ. ಕೋಲಾರ ಜಿಲ್ಲೆಯ ಮಣ್ಣಿನೊಳಗೆ ತಲೆಮಾರುಗಟ್ಟಲೆ ಇಳಿದು ಹತ್ತಿದವರನ್ನು ಹೊರಗಿನವರು ಅನ್ನಲು ಯಾರಿಗೆ ಬಾಯಿ ಬರುತ್ತದೆ ಹೇಳಿ.

ಬರೆಯುವ ದಿನಗಳಲ್ಲಿ ಧೈರ್ಯ ಕೊಟ್ಟ ಇಬ್ಬರು ನಾಟಕಕಾರರ ಹೆಸರು ಹೇಳಲೇಬೇಕು. ಮರಾಠಿಯ ಜಯಂತ್ ಪವಾರ್, 1982ರ ಬಟ್ಟೆ ಗಿರಣಿ ಮುಷ್ಕರದ ನಂತರ ಮುಂಬೈನ ಕಾರ್ಮಿಕ ಕುಟುಂಬ ಏನಾಯಿತು ಅಂತ 'ಅಧಾಂತರ್' ನಾಟಕದಲ್ಲಿ ತೋರಿಸಿದವರು. ಮುಷ್ಕರ ಅಲ್ಲಿ ರಂಗದ ಮೇಲೆ ಇಲ್ಲ, ಚಾಳಿನ ಒಂದು ಖೋಲಿ ಇದೆ. ಇನ್ನೊಬ್ಬರು ಅಮೆರಿಕದ ಲಿನ್ ನಾಟೇಜ್. ಪೆನ್ಸಿಲ್ವೇನಿಯಾದ ರೆಡಿಂಗ್ ಅನ್ನುವ ಊರಿಗೆ 2011ರಿಂದ ಮತ್ತೆ ಮತ್ತೆ ಹೋಗಿ ಕಾರ್ಮಿಕರ ಮಾತು ಕೇಳಿ 'ಸ್ವೆಟ್' ಬರೆದರು, 2015ರಲ್ಲಿ ಅದು ರಂಗಕ್ಕೆ ಬಂತು, 2017ರಲ್ಲಿ ಪುಲಿಟ್ಜರ್ ಸಿಕ್ಕಿತು. ನನಗೆ ಹಿಡಿಸಿದ್ದು ಪ್ರಶಸ್ತಿಯಲ್ಲ. ಅದೇ ವರ್ಷ ಆಕೆ ಮತ್ತೆ ರೆಡಿಂಗ್‌ಗೆ ಹೋಗಿ ಅಲ್ಲಿನ ಹಳೆಯ ರೈಲ್ವೆ ಸ್ಟೇಷನ್ನಿನಲ್ಲಿ ಊರಿನವರಿಗಾಗಿಯೇ ಇನ್ನೊಂದು ಪ್ರದರ್ಶನ ಕಟ್ಟಿದರು. ತೆಗೆದುಕೊಂಡ ಜಾಗಕ್ಕೆ ವಾಪಸ್ ಹೋಗುವುದು ಅಂದರೆ ಅದು.

ಮೊದಲ ಕರಡು ಮುಗಿದ ಕೂಡಲೇ ಅದನ್ನು ಲೈನಿಗೆ ತೆಗೆದುಕೊಂಡು ಹೋಗಿ ಓದಿದೆ. ಒಂದು ಸಣ್ಣ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಹಿರಿಯರು ಜಾಸ್ತಿ. ಬೆಂಗಳೂರಿನ ಯಾವ ವಿಮರ್ಶಕರೂ ಇಷ್ಟು ಗಮನ ಕೊಟ್ಟು ಕೇಳಿದ್ದು ನಾನು ಕಂಡಿಲ್ಲ. ಕೇಜಿನೊಳಗಿನ ದೃಶ್ಯ ಬಂದಾಗ ಒಬ್ಬರು ಕೈ ಎತ್ತಿದರು. "ಇಳಿಯುವಾಗ ಯಾರೂ ಮಾತಾಡಲ್ಲ ಸಾರ್. ಹತ್ತುವಾಗ ಯಾರೂ ಮಾತು ನಿಲ್ಲಿಸಲ್ಲ." ಕೂಡಲೇ ದೃಶ್ಯವನ್ನು ಎರಡು ಮಾಡಿದೆ. ಒಂದು ಪೂರ್ತಿ ಮೌನ, ಇನ್ನೊಂದರಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಯಾರದೂ ಪೂರ್ತಿ ಕೇಳಿಸುವುದಿಲ್ಲ. ನಾಟಕದ ಅತ್ಯಂತ ಒಳ್ಳೆಯ ಎರಡು ದೃಶ್ಯ ಅವೇ. ಏರ್‌ಬ್ಲಾಸ್ಟ್ ಬಗ್ಗೆ, ಅಂದರೆ ಒತ್ತಡಕ್ಕೆ ಕಲ್ಲು ಸಿಡಿಯುವುದು, ಒಬ್ಬ ಅಜ್ಜಿ ಹೇಳಿದರು. ಗಂಡಸರಿಗೆ ಅದು ಕೆಳಗೆ ಗೊತ್ತಾಗುತ್ತದೆ, ನಮಗೆ ಮನೆಯಲ್ಲಿ ಅಟ್ಟದ ಪಾತ್ರೆ ಬಿದ್ದಾಗ ಗೊತ್ತಾಗುತ್ತದೆ, ಆಮೇಲೆ ಸೀರೆ ಸರಿ ಮಾಡಿಕೊಂಡು ಎಲ್ಲರೂ ಶಾಫ್ಟಿನ ಕಡೆ ನಡೆಯುತ್ತೇವೆ, ಓಡುವುದಿಲ್ಲ, ಓಡಿದರೆ ಕೆಟ್ಟದ್ದಾಗುತ್ತದೆ ಅಂತ ನಂಬಿಕೆ. ಮುಚ್ಚುವ ದಿನದ ದೃಶ್ಯದಲ್ಲಿ ಹೆಂಡತಿ ಏನು ಮಾಡಬೇಕು ಅಂತ ನಾನೇ ಕೇಳಿದೆ. ಹೆಂಗಸರೆಲ್ಲ ಒಂದೇ ಮಾತು. ಅಳುವುದು ಆಮೇಲೆ, ಮೊದಲು ಎಷ್ಟು ಹಣ ಬರುತ್ತದೆ, ಯಾರ್ಯಾರಿಗೆ ಎಷ್ಟು ಕೊಡಬೇಕು ಅಂತ ಲೆಕ್ಕ. ಈಗ ಆ ದೃಶ್ಯದಲ್ಲಿ ಆಕೆ ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಾಳೆ, ಬರೆಯುತ್ತಲೇ ಇರುತ್ತಾಳೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೊನೆಯಲ್ಲಿ ಕೇಳಿದ, "ಸಾರ್, ನಮ್ಮೂರಲ್ಲಿ ಫುಟ್‌ಬಾಲ್ ಇರ್ಲಿಲ್ವಾ? ಕ್ರಿಸ್‌ಮಸ್ ಇರ್ಲಿಲ್ವಾ? ಎಲ್ಲರೂ ಬರೀ ಕೆಮ್ತಾ ಇದ್ರಾ?" ಎಷ್ಟು ಸರಿಯಾದ ಪ್ರಶ್ನೆ. ಫುಟ್‌ಬಾಲ್ ಪಂದ್ಯದ ದೃಶ್ಯ ಅವನಿಗೋಸ್ಕರ ಬಂತು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಸಂಸ್ಥೆಗೆ ಅನುದಾನ ಕೇಳಿದ್ದೆವು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ವಿಷಯ ಹಳೆಯದು ಅಂತ ಅರ್ಜಿ ವಾಪಸ್ ಬಂತು. ದಿನಾ ಬೆಳಗ್ಗೆ ರೈಲು ತುಂಬ ಜನ ಬರುತ್ತಿರುವಾಗ ವಿಷಯ ಹೇಗೆ ಹಳೆಯದಾಗುತ್ತದೋ ಅವರೇ ಹೇಳಬೇಕು. ಆ ಪತ್ರ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತಂಡದವರೇ ಕೈಯಿಂದ ಹಾಕಿದೆವು. ಒಂದು ಕುರ್ಚಿ, ಒಂದು ಹಿತ್ತಾಳೆ ಗಂಟೆ, ಒಂದು ಹಳೆಯ ಬಾಗಿಲು, ಇಷ್ಟೇ ಸಾಮಾನು.

ರಿಹರ್ಸಲ್ ಬೇರೆಯೇ ಕೆಲಸವಾಯಿತು. ನಟರಲ್ಲಿ ಹೆಚ್ಚಿನವರು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು. ಅಭಿನಯ ಚೆನ್ನಾಗಿ ಬರುತ್ತದೆ, ಆದರೆ ಕೈ ಸುಳ್ಳು ಹೇಳುತ್ತದೆ. ಭಾರ ಇಲ್ಲದ ಸಾಮಾನನ್ನು ಭಾರ ಇರುವ ಹಾಗೆ ಎತ್ತುವಾಗ ಮುಖ ಕಿವುಚುತ್ತಾರೆ. ನಿಜವಾಗಿ ದಿನಾ ಭಾರ ಎತ್ತುವವರು ಮುಖ ಕಿವುಚುವುದಿಲ್ಲ, ಕಾಲು ಸರಿಯಾಗಿ ಇಡುತ್ತಾರೆ. ವೈಂಡಿಂಗ್ ಹಿರಿಯರನ್ನೇ ಬೆಂಗಳೂರಿಗೆ ಕರೆಸಿದೆವು. ಅವರು ಡ್ರೈವರ್ ಪಾತ್ರದ ನಟನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಹಿಡಿಸಿ, ಸುಮ್ನೆ ಕೂರಲು ಹೇಳಿದರು. "ಕಣ್ಣು ಡಯಲ್ ಮೇಲೆ, ಕಿವಿ ಗಂಟೆ ಮೇಲೆ. ಬೇರೆ ಏನೂ ಮಾಡ್ಬೇಡಿ." ನಟ ಅರ್ಧ ಗಂಟೆ ಹಾಗೇ ಕೂತ. ಅವನ ಭುಜ ಇಳಿಯಿತು, ಉಸಿರು ನಿಧಾನವಾಯಿತು, ಯಾರೋ ಚಹಾ ಅಂತ ಕೂಗಿದರೂ ತಿರುಗಲಿಲ್ಲ. ಹಿರಿಯರು ನನ್ನ ಕಡೆ ನೋಡಿ ತಲೆಯಾಡಿಸಿದರು. ನಿರ್ದೇಶಕರು ಆಮೇಲೆ ಆ ಪಾತ್ರಕ್ಕೆ ಏನೂ ಹೇಳಿಕೊಡಲಿಲ್ಲ.

ಬೆಂಗಳೂರಿನಲ್ಲಿ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಮೊದಲ ಪ್ರದರ್ಶನ. ಜನ ಮೆಚ್ಚಿದರು. ನಮ್ಮ ಕಣ್ಣಿದ್ದದ್ದು ಮಾತ್ರ ಕೆಜಿಎಫ್‌ನಲ್ಲೇ, ರಾಬರ್ಟ್‌ಸನ್‌ಪೇಟೆಯಲ್ಲಿ ಆಗಬೇಕಿದ್ದ ಪ್ರದರ್ಶನದ ಮೇಲೆ. ಒಂದು ಶಾಲೆಯ ಹಾಲ್ ಸಿಕ್ಕಿತು, ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದೆವು. ಭಾನುವಾರವೇ ಆಗಬೇಕಿತ್ತು, ಬೇರೆ ದಿನ ಊರಿನಲ್ಲಿ ದುಡಿಯುವವರು ಇರುವುದಿಲ್ಲ. ಮೊದಲ ಗಂಟೆ ಹೊಡೆದಾಗ ಹಿಂದಿನಿಂದ ಯಾರೋ ತಮಿಳಿನಲ್ಲಿ ಪಕ್ಕದವರಿಗೆ "ಆಳಿದ್ದಾರೆ, ಮೆಲ್ಲಗೆ ಬಿಡ್ತಾನೆ ನೋಡು" ಅಂದ ಹಾಗೆ ಹೇಳಿದ್ದು ಕೇಳಿಸಿತು. ಬೆಂಗಳೂರಿನಲ್ಲಿ ಅದು ಬರೀ ಸದ್ದು, ಇಲ್ಲಿ ಅದು ಮಾತು. ಆಮೇಲೆ ಪ್ರತಿ ಗಂಟೆಗೂ ಹಾಲ್‌ನಲ್ಲಿ ಒಂದು ಸಣ್ಣ ಅಲುಗಾಟ. ಹತ್ತುವಾಗಿನ ದೃಶ್ಯದಲ್ಲಿ ನಟರ ಜೊತೆ ನೋಡುವವರೂ ಮಾತಾಡಲು ಶುರು ಮಾಡಿದರು, ದೃಶ್ಯ ಉದ್ದವಾಯಿತು, ನಟರು ಬಿಟ್ಟುಕೊಟ್ಟರು, ಕಾದರು. ಹೆಂಡತಿ ಲೆಕ್ಕ ಬರೆಯುವಾಗ ಮಾತ್ರ ಯಾರೂ ಉಸಿರೆತ್ತಲಿಲ್ಲ.

ಮುಗಿದ ಮೇಲೆ ಆ ಫುಟ್‌ಬಾಲ್ ಹುಡುಗ, ಅವನ ಗೆಳೆಯರು, ರೈಲಿನ ಇಬ್ಬರು ಹೆಣ್ಣುಮಕ್ಕಳು ಬಂದು ಸ್ಕ್ರಿಪ್ಟ್ ಕೇಳಿದರು. ಪೂರ್ತಿ ತಮಿಳಿಗೆ ಮಾಡಿ ತಾವೇ ಆಡುತ್ತಾರಂತೆ. ಕೊಟ್ಟೆ. ಸ್ವಲ್ಪ ದಿನ ಬಿಟ್ಟು ಕರೆದು ಓದಿ ತೋರಿಸಿದರು. ಮೊದಲ ಭಾಗ ಹೆಚ್ಚುಕಮ್ಮಿ ಹಾಗೇ ಇದೆ. ಎರಡನೇ ಭಾಗದಲ್ಲಿ ನನ್ನ ಎರಡು ದೃಶ್ಯ ತೆಗೆದು ಬೋಗಿಯ ಒಳಗಿನ ಒಂದು ಉದ್ದ ದೃಶ್ಯ ಹಾಕಿದ್ದಾರೆ. ರೈಲು ತಡವಾಗಿ ಒಬ್ಬಳಿಗೆ ಅರ್ಧ ದಿನದ ಸಂಬಳ ಕಟ್ ಆಗುತ್ತದೆ, ಅವಳು ಸೂಪರ್‌ವೈಸರ್‌ಗೆ ಫೋನಿನಲ್ಲಿ ವಿವರಿಸುತ್ತಿರುವಾಗ ಬೋಗಿಯವರೆಲ್ಲ ಹಿಂದಿನಿಂದ ಒಬ್ಬೊಬ್ಬರಾಗಿ ಸಾಕ್ಷಿ ಹೇಳುತ್ತಾರೆ, ಸ್ಟೇಷನ್ ಹೆಸರು, ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು, ಎಲ್ಲ. ನಗು ಬರುತ್ತದೆ, ಹೊಟ್ಟೆ ಉರಿಯುತ್ತದೆ. ನಾನು ಬರೆದಿದ್ದಕ್ಕಿಂತ ಇದು ಚೆನ್ನಾಗಿದೆ. ನಮ್ಮ ಮುಂದಿನ ಕನ್ನಡ ಪ್ರದರ್ಶನಕ್ಕೆ ಆ ದೃಶ್ಯವನ್ನು ಕೊಡುತ್ತೀರಾ ಅಂತ ಅವರನ್ನು ಕೇಳಿದ್ದೇನೆ, ಬರೆದವರ ಹೆಸರು ಕರಪತ್ರದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಇರುತ್ತದೆ ಅಂತಲೂ ಹೇಳಿದ್ದೇನೆ. ಅವರ ತಮಿಳು ಪ್ರದರ್ಶನಕ್ಕೆ ಲೈಟ್ ಹಿಡಿಯಲು ಜನ ಕಮ್ಮಿ ಇದ್ದಾರೆ, ಅದಕ್ಕೆ ನಮ್ಮ ತಂಡದಿಂದ ಇಬ್ಬರು ಹೋಗುತ್ತಿದ್ದಾರೆ, ನಾನೂ ಹೋಗುತ್ತಿದ್ದೇನೆ.